ಸ್ವಾತಂತ್ರ್ಯಕ್ಕೆ ಕಪ್ಪ ತೆತ್ತ ನಾಡು

ಕೆರಿಬಿಯನ್ ಸಮುದ್ರದ ಹೈಟಿ ದೇಶದ ಬಡತನಕ್ಕೆ ಅಲ್ಲಿನ ಜನರ ಆಲಸ್ಯವೇ ಕಾರಣವೆನ್ನುವವರುಂಟು. ಇತಿಹಾಸವನ್ನು ಬಲ್ಲವರು ಈ ಮಾತನ್ನು ಒಪ್ಪಲಾರರು.

ಕಬ್ಬು, ಕಾಫಿ ತೋಟಗಳಲ್ಲಿ ದುಡಿಯುತ್ತಿದ್ದ ಆಫ್ರಿಕಾ ಮೂಲದ ಗುಲಾಮರು ಫ್ರೆಂಚರ ವಿರುದ್ಧ ದಂಗೆಯೆದ್ದು, 1804ರಲ್ಲಿ ಸ್ವತಂತ್ರ ರಾಷ್ಟ್ರವನ್ನು ಸ್ಥಾಪಿಸಿದರು. ಆದರೆ 1825ರಲ್ಲಿ ಫ್ರಾನ್ಸಿನ ದೊರೆ ಹತ್ತನೆಯ ಚಾರ್ಲ್ಸನು ಯುದ್ಧನೌಕೆಗಳನ್ನು ಕಳುಹಿಸಿ, ಮಾನ್ಯತೆ ಬೇಕಾದರೆ 15 ಕೋಟಿ ಫ್ರಾಂಕ್ ಪರಿಹಾರ ತೆರಬೇಕೆಂದು ವಿಧಿಸಿದನು. ಪರಿಹಾರ ಯಾರಿಗೆ? ಚಾವಟಿಯ ಏಟು ತಿಂದವರಿಗಲ್ಲ. ಚಾವಟಿ ಹಿಡಿದಿದ್ದ ಒಡೆಯರಿಗೆ! ಮೊದಲ ಕಂತಿಗೇ ಫ್ರಾನ್ಸಿನಲ್ಲಿ ಸಾಲ ಮಾಡಬೇಕಾಯಿತು. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರೂ, ಅದಕ್ಕೆ ಅಂಟಿಕೊಂಡ ಸಾಲಗಳು ತೀರಿದ್ದು 1947ರಲ್ಲಿ. ನಮ್ಮ ದೇಶ ಸ್ವತಂತ್ರವಾದ ವರ್ಷದಲ್ಲಿ. ಶಾಲೆ, ರಸ್ತೆ, ಆಸ್ಪತ್ರೆಗಳಿಗೆ ಸಲ್ಲಬೇಕಾಗಿದ್ದ ಕಾಫಿಯ ಸುಂಕ ಕಡಲಾಚೆಗೆ ಹರಿದುಹೋಯಿತು.

1915ರಿಂದ 1934ರವರೆಗೆ ಅಮೆರಿಕದ ಸೈನ್ಯ ಆ ನಾಡನ್ನು ಆಳಿತು. 1957ರಿಂದ 1986ರವರೆಗೆ ಸ್ವದೇಶೀಯರೇ ಆದ ಡುವಾಲಿಯೇ ತಂದೆ-ಮಗ ಭಯದಿಂದಲೂ ಲೂಟಿಯಿಂದಲೂ ಆಳಿದರು. ಹೊರಗಿನವರು ಬೊಕ್ಕಸವನ್ನು ಬರಿದುಮಾಡಿದರೆ, ಒಳಗಿನವರು ಅದರ ಬೀಗವನ್ನೇ ಮುರಿದರು. ಇಂತಹ ದುರ್ಬಲ ಮನೆಯ ಮೇಲೆ 2010ರ ಜನವರಿ 12ರ ಭೂಕಂಪ ಬಂದೆರಗಿತು. 2021ರ ಜುಲೈ 7ರಂದು ಅಧ್ಯಕ್ಷ ಜೊವೆನೆಲ್ ಮೊಯಿಸ್ ತಮ್ಮ ನಿವಾಸದಲ್ಲಿಯೇ ಹತರಾದರು. 2023ರ ಜನವರಿಯಲ್ಲಿ ಸೆನೆಟಿನ ಕೊನೆಯ ಸದಸ್ಯರ ಅವಧಿಯೂ ಮುಗಿದು, ಕೇಂದ್ರ ಸರಕಾರದಲ್ಲಿ ಚುನಾಯಿತ ಪ್ರತಿನಿಧಿಯೊಬ್ಬನೂ ಉಳಿಯಲಿಲ್ಲ. ರಾಜಧಾನಿ ಪೋರ್ಟ್-ಒ-ಪ್ರಿನ್ಸಿನ ಬೀದಿಗಳು ಬಂದೂಕುಧಾರಿ ತಂಡಗಳ ವಶವಾದವು.

ನೆರವಿನ ಧಾನ್ಯ ಇಂದಿನ ಹಸಿವನ್ನು ನೀಗೀತು. ನಾಳೆಯ ಅನ್ನಕ್ಕೆ ಪ್ರಜೆಗಳಿಗೆ ಲೆಕ್ಕ ಒಪ್ಪಿಸುವ ಸರಕಾರವೇ ಬೇಕು. ವಾಚಕ ಮಹಾಶಯರೇ, ಭೂಪಟದಲ್ಲಿ ಹೈಟಿಯನ್ನು ಮಕ್ಕಳಿಗೆ ತೋರಿಸುವಾಗ ಬಡದೇಶವೆಂದಷ್ಟೇ ಹೇಳದಿರೋಣ. ತಮ್ಮ ಸಂಕೋಲೆಯನ್ನು ತಾವೇ ಕಡಿದು, ಅದರ ಬೆಲೆಯನ್ನೂ ತಾವೇ ತೆತ್ತವರ ನಾಡೆಂದು ತಿಳಿಸೋಣ.