ಜೋಳಿಗೆಯೂ ಬೇಕು, ಕಾಯಿದೆಯೂ ಬೇಕು



ಇಳಕಲ್ಲಿನ ಚಿತ್ತರಗಿ ಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ಸುತ್ತಿ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರು ಜನಿಸಿದ ಆಗಸ್ಟ್ 1ನ್ನು ನಮ್ಮ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಮಹಾಂತ ಜೋಳಿಗೆಯಿಂದ ಎಷ್ಟೋ ಮನೆಗಳು ಉಳಿದವು.

ಆದರೆ ಜೋಳಿಗೆಗೆ ಬೀಳುವುದು ಈಗಾಗಲೇ ಅಂಟಿದ ಚಟ. ಇನ್ನೂ ಅಂಟದ ಮಗುವಿಗೆ ಅದು ಅಂಟದಂತೆ ಮಾಡುವುದು ಹೇಗೆ? ತಂಬಾಕು ಕಾಯಿದೆ ಬಿಗಿಯಾಗಲಿ ಎಂದು ಇಂದಿನ ಕಾಲೇಜು ಮಕ್ಕಳು ಕೇಳುತ್ತಿರುವುದರ ಹಿಂದೆ ಇರುವುದು ಇದೇ ಪ್ರಶ್ನೆ. ‘ಮನಸ್ಸು ಬದಲಾಗದೆ ಕಾನೂನಿನಿಂದ ಏನಾದೀತು, ಓದಿಕೊಂಡಿರಲಿ’ ಎನ್ನುವ ಹಿರಿಯರಿದ್ದಾರೆ. ಸರ್ಕಾರಿ ಸೇವೆಯಲ್ಲಿ ರಸ್ತೆ ಕಟ್ಟಿದ ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಘಾಟಿಯ ತಿರುವಿನಲ್ಲಿ ನಿಧಾನವಾಗಿ ಹೋಗಿ ಎಂಬ ಫಲಕವನ್ನೂ ಹಾಕುತ್ತೇವೆ, ಪ್ರಪಾತದ ಕಡೆಗೆ ತಡೆಗೋಡೆಯನ್ನೂ ಕಟ್ಟುತ್ತೇವೆ. ಫಲಕ ಇದೆಯೆಂದು ಗೋಡೆ ಬಿಟ್ಟ ಎಂಜಿನಿಯರನನ್ನು ಯಾರೂ ಮೆಚ್ಚುವುದಿಲ್ಲ. ಉಪದೇಶ ಫಲಕ, ಕಾಯಿದೆ ತಡೆಗೋಡೆ.

ಕರ್ನಾಟಕದಲ್ಲಿ ಈ ಗೋಡೆ ಈಚೆಗೆ ಎತ್ತರವಾಗಿದೆ. ಕೇಂದ್ರದ 2003ರ ತಂಬಾಕು ನಿಯಂತ್ರಣ ಕಾಯಿದೆಗೆ ನಮ್ಮ ಶಾಸಕಾಂಗ 2024ರಲ್ಲಿ ತಿದ್ದುಪಡಿ ತಂದಿತು. ರಾಷ್ಟ್ರಪತಿಗಳ ಅಂಕಿತ ಬಿದ್ದು 2025ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಅದರಂತೆ ತಂಬಾಕು ಕೊಳ್ಳುವ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಏರಿದೆ. ಬಿಡಿ ಸಿಗರೇಟು ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ 200 ರೂಪಾಯಿ ಇದ್ದ ದಂಡ 1,000ಕ್ಕೆ ಏರಿದೆ. ಹುಕ್ಕಾ ಬಾರ್ ನಡೆಸಿದರೆ 1ರಿಂದ 3 ವರ್ಷ ಜೈಲು, 50 ಸಾವಿರದಿಂದ 1 ಲಕ್ಷದವರೆಗೆ ದಂಡ.

ವೋಟು ಹಾಕುವ ಹುಡುಗನಿಗೆ ಸಿಗರೇಟು ಕೊಳ್ಳುವ ಹಕ್ಕಿಲ್ಲವೇ ಎಂದು ಕೇಳುವವರುಂಟು. ಲೆಕ್ಕ ಸರಳ. 16ರ ಹುಡುಗ ಪಿಯುಸಿಗೆ ಬಂದಾಗ ಅದೇ ಆವರಣದಲ್ಲಿ 18 ತುಂಬಿದ ಗೆಳೆಯರಿರುತ್ತಾರೆ. ಅವರು ಕೊಂಡು ತಂದರೆ ಇವನ ಕೈಗೂ ಬರುತ್ತದೆ. 21 ತುಂಬಿದವರು ಅವನ ಒಡನಾಟದಲ್ಲಿ ಕಡಿಮೆ. ಬಿಡಿ ಸಿಗರೇಟಿನ ನಿಷೇಧಕ್ಕೂ ಇಂಥದೇ ಕಾರಣವಿದೆ. ಪೊಟ್ಟಣದ ಶೇ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರವಿರುತ್ತದೆ, ಬಿಡಿಯಾಗಿ ಕೊಂಡವನು ಅದನ್ನು ನೋಡುವುದೇ ಇಲ್ಲ. ಇಡೀ ಪೊಟ್ಟಣ ಕೊಳ್ಳಲಾಗದ ಹುಡುಗನ ಜೇಬಿಗೂ ಒಂದು ಸಿಗರೇಟು ನಿಲುಕುತ್ತದೆ.

ಇನ್ನು ದೂರದ ವಿಷಯ. ಮೊದಲು ಶಾಲೆ ಕಾಲೇಜುಗಳಿಂದ 100 ಗಜ, ಅಂದರೆ 91.44 ಮೀಟರಿನೊಳಗೆ ಮಾರುವಂತಿರಲಿಲ್ಲ. ಈಗ 100 ಮೀಟರ್. ಇದನ್ನು ಗೇಟಿನಿಂದ ರಸ್ತೆಯುದ್ದಕ್ಕೂ ಹೆಜ್ಜೆ ಹಾಕಿ ಅಳೆಯಬಾರದು. ಕಾಂಪೌಂಡ್ ಗೋಡೆಯ ಹೊರ ಅಂಚಿನಿಂದ ಸುತ್ತಲೂ ನೇರ ಗೆರೆಯಲ್ಲಿ ಅಳೆಯಬೇಕು. ನಮ್ಮ ತಿಲಕ್ ನಗರದಂಥ ಒತ್ತೊತ್ತಾದ ಬಡಾವಣೆಯಲ್ಲಿ ಪ್ರತಿ ಶಾಲೆಯ ಸುತ್ತ ಹೀಗೆ ಗೆರೆ ಎಳೆದರೆ ಒಂದರ ವ್ಯಾಪ್ತಿ ಇನ್ನೊಂದರ ಮೇಲೆ ಬೀಳುತ್ತದೆ. ಯುವಕರು ಈ ನಕ್ಷೆ ತಯಾರಿಸಿ ಪಾಲಿಕೆಗೂ ಪೊಲೀಸ್ ಠಾಣೆಗೂ ಕೊಡಲಿ. ಘೋಷಣೆಗಿಂತ ಅಳತೆಗೆ ಉತ್ತರ ಕೊಡುವುದು ಅಧಿಕಾರಿಗಳಿಗೆ ಕಷ್ಟ.

ಗೋಡೆಯಲ್ಲಿ ಕಿಂಡಿಗಳಿನ್ನೂ ಇವೆ. 2013ರಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ಮಾರಾಟವಾಗಿ ಕೊಂಡವನ ಅಂಗೈಯಲ್ಲಿ ಗುಟ್ಕಾ ಆಗುತ್ತಿದೆ. ಏಲಕ್ಕಿಯ ಹೆಸರಿನಲ್ಲಿ ಸಿನಿಮಾ ನಟರು ಅದೇ ಬ್ರಾಂಡುಗಳ ಪ್ರಚಾರ ಮಾಡುತ್ತಾರೆ. ತಂಬಾಕು ಮಾರುವವರಿಗೆ ಪ್ರತ್ಯೇಕ ಪರವಾನಗಿ ಇರಲಿ, ಅಂಥ ಅಂಗಡಿಯಲ್ಲಿ ಬಿಸ್ಕತ್ತು, ಚಾಕೊಲೇಟ್ ಮಾರಬಾರದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಸಲಹೆ ಕೊಟ್ಟಿದೆ. ಯುವಕರ ಮುಂದಿನ ಬೇಡಿಕೆ ಇದೇ ಆಗಬೇಕು. ಒಮ್ಮೆ ಗೆದ್ದರೆ ಮುಗಿಯಿತೆಂದೂ ಅಲ್ಲ. ಹೊಸ ಪೀಳಿಗೆಗೆ ತಂಬಾಕು ಮಾರಲೇಬಾರದೆಂದು ನ್ಯೂಜಿಲೆಂಡ್ 2022ರಲ್ಲಿ ಮಾಡಿದ ಕಾಯಿದೆಯನ್ನು ಮುಂದಿನ ಸರ್ಕಾರ 2024ರಲ್ಲಿ ರದ್ದು ಮಾಡಿತು.

ಹುಣಸೂರು, ಪಿರಿಯಾಪಟ್ಟಣ, ನಿಪ್ಪಾಣಿಯ ತಂಬಾಕು ಬೆಳೆಗಾರರು, ಬೀಡಿ ಕಟ್ಟುವ ತಾಯಂದಿರು, ಗೂಡಂಗಡಿಯವರು ಏನು ಮಾಡಬೇಕು? ಈ ಪ್ರಶ್ನೆ ನ್ಯಾಯವಾದದ್ದು. ಅವರ ದುಡಿಮೆಯನ್ನು ಹೀಗಳೆಯುವುದು ನಮಗೆ ತಕ್ಕುದಲ್ಲ. ಆದರೆ ಮಕ್ಕಳಿಗೆ ಮಾರಬೇಡಿ ಎಂದರೆ ನಾಳೆಯೇ ಯಾರ ಒಲೆಯೂ ಆರುವುದಿಲ್ಲ. ಸೇದುವವರ ಸಂಖ್ಯೆ ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತದೆ; ಆ ಅವಧಿಯಲ್ಲಿ ಪರ್ಯಾಯ ಬೆಳೆ, ಪರ್ಯಾಯ ಕೆಲಸ ಕೊಡುವುದು ಸರ್ಕಾರದ ಹೊಣೆ. ಇದನ್ನೂ ಯುವಕರು ತಮ್ಮ ಬೇಡಿಕೆಗೆ ಸೇರಿಸಲಿ. ಇನ್ನೊಬ್ಬರ ಮಗುವಿನ ದೇಹ ಕೆಡಿಸದಿರುವುದು ಕಾಯಕದ ಮೊದಲ ಷರತ್ತು ಎಂಬುದನ್ನೂ ನಾವು ಮರೆಯಬಾರದು.

ಇಷ್ಟು ಹೇಳಿ ಸರ್ಕಾರದ ಕಡೆ ಕೈ ತೋರಿಸಿದರೆ ನಮ್ಮ ಕೆಲಸ ಮುಗಿಯದು. ನಮ್ಮ ಮಠಗಳು ನೂರಾರು ಶಾಲೆ, ಕಾಲೇಜು, ಪ್ರಸಾದ ನಿಲಯ ನಡೆಸುತ್ತಿವೆ. ಮೊದಲು ಆ 100 ಮೀಟರ್ ಸ್ವಚ್ಛವಾಗಲಿ. ಮಠದ ಮಳಿಗೆಗಳನ್ನು ಬಾಡಿಗೆಗೆ ಕೊಡುವಾಗ ತಂಬಾಕು ಮಾರಬಾರದೆಂದು ಕರಾರಿನಲ್ಲೇ ಬರೆಯಲಿ. ಜಾತ್ರೆಯ ಅಂಗಡಿಗಳಿಗೂ ಇದೇ ಷರತ್ತು ಇರಲಿ. ಮದುವೆ, ತಿಥಿಗಳಲ್ಲಿ ಎಲೆ ಅಡಿಕೆಯ ತಟ್ಟೆಯಿಂದ ತಂಬಾಕು ಇಳಿಯಲಿ. ಚಟ ಬಿಡಲು ಬಯಸುವವರಿಗೆ 1800-11-2356 ಎಂಬ ಉಚಿತ ಸಹಾಯವಾಣಿಯಿದೆ. ಅದನ್ನು ಪ್ರತಿ ಮಠದ ಗೋಡೆಯ ಮೇಲೆ ಬರೆಸಬಹುದು.

2016-17ರ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ತಿಲಕ್ ನಗರದ ಆಸುಪಾಸಿನಲ್ಲೇ ಕಿದ್ವಾಯಿ ಗಂಥಿ ಸಂಸ್ಥೆಯೂ ಜಯದೇವ ಹೃದ್ರೋಗ ಸಂಸ್ಥೆಯೂ ಇವೆ. ಬಾಯಿ ತೆರೆಯಲಾಗದವರು, ಎದೆ ಹಿಡಿದುಕೊಂಡವರು ರಾಜ್ಯದ ಮೂಲೆ ಮೂಲೆಯಿಂದ ಬಂದು ಅಲ್ಲಿ ಸಾಲು ನಿಲ್ಲುತ್ತಾರೆ. ಆ ಸಾಲಿಗೆ ನಾವು ಸೇರುವುದಿಲ್ಲ, ನಮ್ಮ ತಮ್ಮ ತಂಗಿಯರನ್ನೂ ಸೇರಗೊಡುವುದಿಲ್ಲ ಎಂದು ಮಕ್ಕಳು ಎದ್ದು ನಿಂತಿದ್ದಾರೆ. ಅವರ ಅರ್ಜಿಗೆ ಹಿರಿಯರು ರುಜು ಹಾಕೋಣ, ಪೂಜ್ಯರು ಆಶೀರ್ವದಿಸಲಿ.