ನಪಾಸಾದ ದೇಶಗಳು ನಡೆದ ದಾರಿ

ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್‌ನಲ್ಲಿ 1990ರ ಸುಮಾರಿಗೆ, ಹುಟ್ಟಿದ ಸಾವಿರ ಮಕ್ಕಳಲ್ಲಿ 260ರಷ್ಟು ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. 2015ರ ಹೊತ್ತಿಗೆ ಅದು 120ರ ಆಸುಪಾಸಿಗೆ ಇಳಿದಿತ್ತು. ಈ ಅವಧಿಯಲ್ಲೇ ಆ ದೇಶ ಹನ್ನೊಂದು ವರ್ಷ ಅಂತರ್ಯುದ್ಧದಲ್ಲಿ ಬೆಂದಿತು. ಕೊನೆಗೆ ಎಬೋಲಾ ಬಂದು, ಮೊದಲೇ ಬೆರಳೆಣಿಕೆಯಷ್ಟಿದ್ದ ವೈದ್ಯರು, ದಾದಿಯರಲ್ಲೂ ಹಲವರನ್ನು ಕೊಂದಿತು. ಇಷ್ಟರ ನಡುವೆಯೂ 2010ರಲ್ಲಿ ಗರ್ಭಿಣಿಯರಿಗೆ, ಬಾಣಂತಿಯರಿಗೆ, ಐದು ವರ್ಷದೊಳಗಿನ ಮಕ್ಕಳಿಗೆ ಸರ್ಕಾರ ಚಿಕಿತ್ಸೆಯನ್ನು ಉಚಿತ ಮಾಡಿತು.

ವಿಶ್ವಸಂಸ್ಥೆಯ ಸಹಸ್ರಮಾನದ ಅಭಿವೃದ್ಧಿ ಗುರಿಗಳ ಲೆಕ್ಕದಲ್ಲಿ ಮಾತ್ರ ಈ ದೇಶ ನಪಾಸು. ಐದು ವರ್ಷದೊಳಗಿನ ಮಕ್ಕಳ ಸಾವಿನ 1990ರ ಪ್ರಮಾಣವನ್ನು 2015ರೊಳಗೆ ಮೂರನೇ ಎರಡು ಭಾಗದಷ್ಟು ತಗ್ಗಿಸಬೇಕೆಂಬುದು ಗುರಿ. ಸಿಯೆರಾ ಲಿಯೋನ್ ತಗ್ಗಿಸಿದ್ದು ಅರ್ಧಕ್ಕಿಂತ ತುಸು ಹೆಚ್ಚು. ಈ ಲೆಕ್ಕದ ಪ್ರಕಾರ, ಸಾವನ್ನು 30ರಿಂದ 10ಕ್ಕೆ ಇಳಿಸಿದ ದೇಶ ಪಾಸು. ಅಲ್ಲಿ ಸಾವಿರಕ್ಕೆ ಇಪ್ಪತ್ತು ಮಕ್ಕಳು ಹೆಚ್ಚಾಗಿ ಬದುಕಿದರು, ಇಲ್ಲಿ ನೂರನಲವತ್ತು. ಈ ಗುರಿಗಳನ್ನು ರೂಪಿಸಿದ ರೀತಿಯಿಂದ ಆಫ್ರಿಕಕ್ಕೆ ಅನ್ಯಾಯವಾಗಿದೆ ಎಂದು ಅರ್ಥಶಾಸ್ತ್ರಜ್ಞ ವಿಲಿಯಂ ಈಸ್ಟರ್ಲಿ ಆಗಲೇ ವಾದಿಸಿದ್ದರು. ಅವರ ಎಲ್ಲ ಮಾತನ್ನೂ ಒಪ್ಪದವರೂ ಇದನ್ನು ತಳ್ಳಿಹಾಕುವುದು ಕಷ್ಟ.

2015ರಲ್ಲಿ ಇವುಗಳ ಜಾಗಕ್ಕೆ ಸುಸ್ಥಿರ ಅಭಿವೃದ್ಧಿ ಗುರಿಗಳು ಬಂದವು: ಹದಿನೇಳು ಗುರಿ, 169 ಉಪಗುರಿ. 2030ರೊಳಗೆ ಎಲ್ಲ ದೇಶಗಳಲ್ಲೂ ಐದು ವರ್ಷದೊಳಗಿನ ಮಕ್ಕಳ ಸಾವು ಸಾವಿರಕ್ಕೆ 25ನ್ನು ಮೀರಬಾರದು ಎಂದಾಯಿತು. ಇದಕ್ಕೊಂದು ಗಟ್ಟಿ ಸಮರ್ಥನೆಯೂ ಇದೆ. ಸಿಯೆರಾ ಲಿಯೋನ್‌ನ ರಾಜಧಾನಿ ಫ್ರೀಟೌನ್‌ನ ಮಗುವಿನ ಜೀವಕ್ಕೂ ಸ್ಟಾಕ್‌ಹೋಮ್‌ನ ಮಗುವಿನ ಜೀವಕ್ಕೂ ಒಂದೇ ಬೆಲೆ ಎಂದಮೇಲೆ ಗುರಿ ಬೇರೆಬೇರೆ ಏಕಿರಬೇಕು? ಬೇಡ, ಗುರಿ ಒಂದೇ ಇರಲಿ. ಆದರೆ ಒಂದು ಸರ್ಕಾರ ಕೆಲಸ ಮಾಡಿತೋ ಇಲ್ಲವೋ ಎಂದು ತೀರ್ಮಾನಿಸುವಾಗ ಅದು ಎಲ್ಲಿಂದ ಹೊರಟಿತ್ತು ಎಂಬುದನ್ನು ನೋಡಲೇಬೇಕು. ಇಲ್ಲವಾದರೆ ನೆರವು ಕೊಡುವ ದೇಶಗಳಲ್ಲಿ ‘ಎಷ್ಟು ಸುರಿದರೂ ಅಷ್ಟೇ’ ಎಂಬ ಮಾತು ಹಬ್ಬುತ್ತದೆ. ದುಡ್ಡು ನಿಲ್ಲಿಸಲು ಅಷ್ಟು ನೆಪ ಸಾಕು.

ಅಳತೆಯೇ ಬೇಡ ಎಂಬುದು ನನ್ನ ವಾದವಲ್ಲ. ಅಳೆದದ್ದರಿಂದಲೇ ಜೀವ ಉಳಿದ ಉದಾಹರಣೆ ಬಾಂಗ್ಲಾದೇಶದಲ್ಲಿದೆ. 1980ರಿಂದ ಹತ್ತು ವರ್ಷ ಅಲ್ಲಿನ ಬ್ರ್ಯಾಕ್ ಎಂಬ ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಭೇದಿಯಾದ ಮಗುವಿಗೆ ಏನು ಕುಡಿಸಬೇಕೆಂದು ತಾಯಂದಿರಿಗೆ ಕಲಿಸಿದರು: ಅರ್ಧ ಸೇರು ನೀರು, ಮೂರು ಬೆರಳಲ್ಲಿ ಎತ್ತಿದ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ. ಒಂದು ಕೋಟಿಗೂ ಹೆಚ್ಚು ಮನೆಗಳನ್ನು ಅವರು ತಲುಪಿದರು. ಆದರೆ ಸಂಬಳ ಕೊಡುತ್ತಿದ್ದುದು ಎಷ್ಟು ಮನೆ ಸುತ್ತಿದರು ಎಂಬುದರ ಮೇಲಲ್ಲ. ಕೆಲವು ವಾರ ಬಿಟ್ಟು ಬೇರೊಬ್ಬರು ಬಂದು, ಆಯ್ದ ಕೆಲವು ಮನೆಗಳ ತಾಯಂದಿರಿಗೆ ಏನೇನು ನೆನಪಿದೆ ಎಂದು ಕೇಳುತ್ತಿದ್ದರು. ಆ ನೆನಪಿಗೆ ತಕ್ಕಂತೆ ಕಾರ್ಯಕರ್ತೆಯ ಕೈಗೆ ಹಣ ಬರುತ್ತಿತ್ತು. ತಾಯಂದಿರು ಕಲಿತರೂ ಮಗುವಿಗೆ ಕುಡಿಸುತ್ತಿಲ್ಲ ಎಂದು ಗೊತ್ತಾದಾಗ ಕಾರಣ ಹುಡುಕಿದರು. ಕಲಿಸುವವರಲ್ಲೇ ಹಲವರಿಗೆ ಈ ನೀರಿನ ಮೇಲೆ ನಂಬಿಕೆ ಇರಲಿಲ್ಲ. ಅವರನ್ನು ಮತ್ತೆ ತರಬೇತಿಗೆ ಕೂರಿಸಿದರು. ಮನೆಯ ಗಂಡಸರನ್ನೂ ಕೂರಿಸಿಕೊಂಡು ಮಾತಾಡಿದರು. ತಪ್ಪು ಎಲ್ಲಿದೆ ಎಂದು ತಿಳಿಯಲು ಬಳಸುವ ಲೆಕ್ಕ ಇದು. ಮಕ್ಕಳ ಸಾವು ತಗ್ಗಿಸುವ ಸಹಸ್ರಮಾನದ ಗುರಿಯನ್ನು ಮುಟ್ಟಿದ ಬಡ ದೇಶಗಳಲ್ಲಿ ಬಾಂಗ್ಲಾದೇಶವೂ ಒಂದು.

ಇನ್ನು ಶ್ರೀಮಂತ ದೇಶಗಳ ಲೆಕ್ಕ. ರಾಷ್ಟ್ರೀಯ ಆದಾಯದ ಶೇಕಡ 0.7ರಷ್ಟನ್ನು ನೆರವಾಗಿ ಕೊಡಬೇಕೆಂಬ ಗುರಿಯನ್ನು ವಿಶ್ವಸಂಸ್ಥೆ ಗೊತ್ತುಮಾಡಿದ್ದು 1970ರಲ್ಲಿ. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್‌ನಂಥ ಕೆಲವೇ ದೇಶಗಳು ಅದನ್ನು ವರ್ಷಗಟ್ಟಲೆ ಉಳಿಸಿಕೊಂಡು ಬಂದಿವೆ. ಅಮೆರಿಕ ಅದರ ಹತ್ತಿರಕ್ಕೂ ಬಂದಿಲ್ಲ. 2025ರಲ್ಲಂತೂ ತನ್ನ ನೆರವಿನ ಸಂಸ್ಥೆಯನ್ನೇ ಮುಚ್ಚಿತು. ಇತ್ತ 300 ಕೋಟಿಗೂ ಹೆಚ್ಚು ಜನ ಬದುಕುತ್ತಿರುವ ದೇಶಗಳಲ್ಲಿ ಸರ್ಕಾರಗಳು ಆರೋಗ್ಯಕ್ಕೋ ಶಿಕ್ಷಣಕ್ಕೋ ಖರ್ಚು ಮಾಡುವುದಕ್ಕಿಂತ ಹೆಚ್ಚು ಹಣವನ್ನು ಸಾಲದ ಬಡ್ಡಿಗೆ ಕಟ್ಟುತ್ತಿವೆ. ನಪಾಸು ಎಂಬ ಹಣೆಪಟ್ಟಿ ಮಾತ್ರ ಸಿಯೆರಾ ಲಿಯೋನ್‌ಗೆ.

2030ರ ವರದಿ ಬರೆಯುವವರು ಪ್ರತಿ ಬಡ ದೇಶದ ಹೆಸರಿನ ಮುಂದೆ ಮೂರು ಅಂಕಿಗಳನ್ನು ಒಟ್ಟಿಗೆ ಅಚ್ಚು ಮಾಡಲಿ: ಎಲ್ಲಿಂದ ಹೊರಟಿತು, ಎಷ್ಟು ದೂರ ಬಂತು, ಕೊಡುತ್ತೇವೆಂದಿದ್ದ ನೆರವಿನಲ್ಲಿ ಅದಕ್ಕೆ ನಿಜಕ್ಕೂ ಸಿಕ್ಕಿದ್ದೆಷ್ಟು.