ಚಿತ್ರ ತಗಿಯೋರ ಕಣ್ಣು

ನಮ್ಮ ಕಡೆ ಬಹಳಷ್ಟು ಮನ್ಯಾಗ ಕನ್ನಡಿ ಇರೋದು ಮಾರಿ ಅಷ್ಟ ಕಾಣೋ ಹಂಗ. ಕುಂಕುಮ ನಟ್ಟಗ ಆತು, ತುರುಬು ಸರಿ ಆತು, ಮುಗೀತು. ಕುತ್ತಿಗಿ ಕೆಳಗ ನೋಡ್ಕೊಳ್ಳಿಕ್ಕೆ ನಮಗ ಪುರಸೊತ್ತೂ ಇಲ್ಲ, ಮನಸೂ ಇಲ್ಲ. ಮತ್ತ ಪೂರ್ತಿ ನೋಡ್ಕೊಳ್ಳೋದು ಯಾವಾಗ? ಯಾರದರೆ ಮದುವಿ ಫೋಟೋ ಮೊಬೈಲಿಗೆ ಬಂದಾಗ. "ಅಯ್ಯ ನಮ್ಮವ್ವ, ನಾ ಎಷ್ಟು ದಪ್ಪ ಕಾಣ್ಲಿಕ್ಕತ್ತೀನಿ, ಅದನ್ನ ತಗದು ಹಾಕ್ರಿ!" ಅಲ್ಲಿಗೆ ನಮ್ಮ ಮೈಯ ಜೋಡಿ ನಮ್ಮ ಮಾತುಕತಿ ಮುಗೀತು.

ಅದಕ್ಕ ನಾ ಒಂದು ಮಾತು ಹೇಳ್ತೀನಿ, ನಗಬ್ಯಾಡ್ರಿ. ಐವತ್ತು ದಾಟಿದ ಹೆಣ್ಮಕ್ಕಳು ಚಿತ್ರ ತಗಿಯೋದು ಕಲೀಬೇಕು. ರಂಗೋಲಿ ಅಲ್ಲ, ಹೂವು ಹಣ್ಣು ಅಲ್ಲ. ಮನಶ್ಯಾರ ಮೈ ತಗೀಬೇಕು, ಅದೂ ತಮ್ಮದ.

ಚಿತ್ರಕಲಾ ಕಾಲೇಜಿನ್ಯಾಗ ಲೈಫ್ ಡ್ರಾಯಿಂಗ್ ಅಂತ ಒಂದು ಕ್ಲಾಸ್ ಇರ್ತದ. ನಡುವ ಒಬ್ಬರು ಕೂತಿರ್ತಾರ ಇಲ್ಲಾ ನಿಂತಿರ್ತಾರ, ಒಮ್ಮೊಮ್ಮೆ ಬಟ್ಟಿ ಉಟ್ಟು, ಒಮ್ಮೊಮ್ಮೆ ಇಲ್ಲದ. ಸುತ್ತಲಿನವರು ಅವರನ್ನ ನೋಡಿ ಇದ್ದಲಿಲೆ ಚಿತ್ರ ತಗೀತಾರ. ಮೊದಲ ಒಂದೆರಡು ನಿಮಿಷದ ಭಂಗಿ, ಕೈ ಬಿಡೂ ಸಲುವಾಗಿ. ಆಮ್ಯಾಲೆ 20 ನಿಮಿಷದ್ದು. ನಮ್ಮ ಅಣ್ಣನ ಮಗಳು ಇದನ್ನ ಕಲತಾಳ. ಅಕಿ ಹೇಳಿದ್ದು ಕೇಳಿ ನನಗ ಭಾಳ ಹಿಡಿಸಿದ್ದು ಅಂದ್ರ ಅಲ್ಲಿಯ ಮಾತು. ದಪ್ಪ, ತೆಳ್ಳಗ, ಕರ್ರಗ ಅನ್ನೂ ಶಬ್ದ ಅಲ್ಲಿ ಕೆಲಸಕ್ಕ ಬರೂದಿಲ್ಲಂತ. ಭಾರ ಯಾವ ಕಾಲಿನ ಮ್ಯಾಲೆ ಬಿದ್ದದ? ಎಡಗಡೆ ಭುಜ ಬಲಕ್ಕಿಂತ ಎಷ್ಟು ಇಳದದ? ಟೊಂಕ ಮತ್ತ ಮೊಣಕೈ ನಡುವ ಕಾಣೂ ಖಾಲಿ ಜಾಗ ಯಾವ ಆಕಾರದ್ದದ? ಬರೇ ಇಂಥಾ ಪ್ರಶ್ನೆ. ಇಷ್ಟೆಲ್ಲಾ ನೋಡೂ ಹೊತ್ತಿಗೆ ಹೆಸರಿಡ್ಲಿಕ್ಕೆ ಯಾರಿಗೆ ಟೈಮ್ ಇರ್ತದ?

ಇನ್ನೊಂದು ಮಾತು ಹೇಳಿದ್ಲು. "ಅತ್ಯಾ, ಎಳೇ ಹುಡುಗ್ಯಾರ ನುಣುಪು ಮೈ ತಗಿಯೋದು ಕಷ್ಟ. ಗೆರಿ ಹಿಡೀಲಿಕ್ಕೆ ಏನೂ ಸಿಗೂದಿಲ್ಲ. ಮಡಿಕಿ ಬಿದ್ದ ಹೊಟ್ಟಿ, ನರ ಎದ್ದ ಕೈ ಇದ್ರ ಇದ್ದಲಿ ತಾನ ಓಡ್ತದ." ಮೂರು ಹೆರಿಗಿ ಆದ ಹೊಟ್ಟಿ ಬಗ್ಗೆ ಇಷ್ಟು ಚಲೋ ಮಾತು ನಾ ಅಲ್ಲಿತನಕ ಎಲ್ಲೂ ಕೇಳಿದ್ದಿಲ್ಲ.

ದೀಪಾವಳಿಗೆ ಬಂದಾಗ ನನ್ನನ್ನ ಕೂಡಿಸಿ ಒಂದು ಚಿತ್ರ ತಗದಳು. ಇಳಕಲ್ ಸೀರಿ ಉಟಗೊಂಡು, ಅಡಗಿಮನ್ಯಾಗ ಮಣಿ ಮ್ಯಾಲೆ ಕೂತು ಮೆಂತ್ಯಪಲ್ಯ ಸೋಸಲಿಕ್ಕತ್ತಿದ್ದೆ. ಚಿತ್ರದಾಗ ನನ್ನ ಬಲಭುಜ ಎರಡು ಬೆರಳಷ್ಟು ಕೆಳಗ ಇತ್ತು. "ತಪ್ಪಿ ತಗದೀ" ಅಂದೆ. "ಇಲ್ಲ ಅತ್ಯಾ, ನಿನ್ನ ಭುಜಾನ ಹಂಗದ" ಅಂದ್ಲು. ಕೊಡ ಹೊತ್ತದ್ದು, ಚೀಲ ಹೊತ್ತದ್ದು, ಹುಡುಗರನ್ನ ಎತ್ತಿದ್ದು ಎಲ್ಲಾ ಆ ಭುಜದ ಮ್ಯಾಲೆ. ಅದರ ನೋವು ನನಗ ಗೊತ್ತಿತ್ತು, ಆಕಾರ ಗೊತ್ತಿದ್ದಿಲ್ಲ. ಮರುವಾರ ಡಾಕ್ಟರ್ ಹತ್ರ ಹೋಗಿ ವ್ಯಾಯಾಮ ಕಲತು ಬಂದೆ. ಫೋಟೋ ನೋಡಿದಾಗ ಒಮ್ಮೆಯೂ ಹಂಗ ಡಾಕ್ಟರ್ ಹತ್ರ ಹೋಗಬೇಕು ಅನಿಸಿದ್ದಿಲ್ಲ. ಉಪವಾಸ ಮಾಡಬೇಕು ಅಂತಷ್ಟ ಅನಿಸಿತ್ತು.

ಈ ನೋಡೋ ವಿದ್ಯಾದಿಂದ ಹೆಣ್ಮಕ್ಕಳನ್ನ ಎಷ್ಟು ದಿನ ಹೊರಗ ಇಟ್ಟಿದ್ರು ನೋಡ್ರಿ. ಲಂಡನ್ನಿನ ರಾಯಲ್ ಅಕಾಡೆಮಿ 1768ರಾಗ ಶುರು ಆದಾಗ ಅದನ್ನ ಕಟ್ಟಿದವರೊಳಗ ಇಬ್ಬರು ಹೆಣ್ಮಕ್ಕಳೂ ಇದ್ರು, ಆಂಜೆಲಿಕಾ ಕಾಫ್‌ಮನ್ ಮತ್ತ ಮೇರಿ ಮೋಸರ್. ಆಮ್ಯಾಲೆ ಝೊಫಾನಿ ಅನ್ನೂ ಚಿತ್ರಕಾರ ಅಕಾಡೆಮಿಯವರೆಲ್ಲಾ ಲೈಫ್ ಕ್ಲಾಸಿನ್ಯಾಗ ಕೂಡಿದ್ದನ್ನ ಒಂದು ದೊಡ್ಡ ಚಿತ್ರ ಮಾಡಿದ. ಅದರಾಗ ಗಂಡಸರೆಲ್ಲಾ ಮಾಡೆಲ್ ಸುತ್ತ ನಿಂತಾರ, ಕೂತಾರ. ಈ ಇಬ್ಬರು ಮಾತ್ರ ಗ್ವಾಡಿಗೆ ಹಾಕಿದ ಎರಡು ಫೋಟೋದಂಗ ಕಾಣ್ತಾರ! ಯಾಕಂದ್ರ ಹೆಣ್ಮಕ್ಕಳು ಆ ಖೋಲಿ ಒಳಗ ಕಾಲಿಡೂ ಹಂಗ ಇದ್ದಿಲ್ಲ. ಅಲ್ಲಿ ಕಲಿಯೋ ಹುಡುಗ್ಯಾರಿಗೆ ಲೈಫ್ ಕ್ಲಾಸ್ ತೆರೆದದ್ದು 1893ರಾಗ, ಅದೂ ಮಾಡೆಲ್‌ಗೆ ಬಟ್ಟಿ ಸುತ್ತಿ. ಹೆಂಗಸರ ಮೈ ತಗಿಯೋ ಹಕ್ಕು ಗಂಡಸರಿಗೆ, ನಾಚಿಗಿ ಮಾತ್ರ ಹೆಂಗಸರ ಪಾಲಿಗೆ. ನಮ್ಮ ತವರುಮನಿಯ ನ್ಯಾಯಾನ ಆತಲ್ಲಾ ಇದು!

ಹೆಣ್ಮಕ್ಕಳ ಕೈಗೆ ಕುಂಚ ಬಂದ ಮ್ಯಾಲೆ ಏನು ತಗದ್ರು ಅಂತ ನಮ್ಮ ಹುಡುಗಿ ಮೊಬೈಲಿನ್ಯಾಗ ತೋರಿಸಿದ್ಲು. ಅಮೃತಾ ಶೇರ್‌ಗಿಲ್ ಪ್ಯಾರಿಸ್ಸಿನ್ಯಾಗ ಕಲಿಯೋ ಕಾಲಕ್ಕ, 1933ರಾಗ, 'ಪ್ರೊಫೆಷನಲ್ ಮಾಡೆಲ್' ಅಂತ ಒಂದು ಚಿತ್ರ ಮಾಡಿದ್ರು. ದಣದು ಕೂತ, ಮೈ ಜೋತುಬಿದ್ದ ಹೆಂಗಸು. ಮೆಚ್ಚಿಸಲಿಕ್ಕೆ ಕೂತಾಕಿ ಅಲ್ಲ. ಅಮೇರಿಕಾದ ಆಲಿಸ್ ನೀಲ್ ಅಂತೂ ತಮ್ಮ 80ನೇ ವಯಸ್ಸಿನ್ಯಾಗ, 1980ರಾಗ, ತಮ್ಮದ ಬತ್ತಲೆ ಚಿತ್ರ ಮುಗಿಸಿದ್ರು. ಬಿಳೇ ಕೂದಲು, ಮೂಗಿನ ಮ್ಯಾಲೆ ಚಸ್ಮಾ, ಕೈಯಾಗ ಕುಂಚ, ಪಟ್ಟಾಪಟ್ಟಿ ಕುರ್ಚಿ ಮ್ಯಾಲೆ ಕೂತಾರ. ಮೊದಲ ನನಗ ಮುಜುಗರ ಆತು, ಸುಳ್ಳ ಯಾಕ ಹೇಳಲಿ. ಎರಡನೇ ಸಲ ನೋಡಿದಾಗ ನಮ್ಮ ಅಜ್ಜಿ ಎರಕೊಂಡು ಬಂದು ಕಟ್ಟಿ ಮ್ಯಾಲೆ ಕೂತಿರತಿದ್ಲಲ್ಲ, ಆ ನೆನಪಾತು.

ಹಂಗಂತ ಈ ವಿಷಯದಾಗ ಎಲ್ಲಾರು ಹೇಳೋದನ್ನ ನಾ ಒಪ್ಪೂದಿಲ್ಲ. "ಬಟ್ಟಿ ಬಿಚ್ಚಿ ಮಾಡೆಲ್ ಆಗ್ರಿ, ನಿಮ್ಮ ಮೈಯನ್ನ ಪ್ರೀತಿಸಲಿಕ್ಕೆ ಕಲೀತೀರಿ" ಅನ್ನೋರು ಇದ್ದಾರ. ಹೊಟ್ಟಿ ತುಂಬಿದವರ ಮಾತದು. 2018ರಾಗ ಬಂದ ರವಿ ಜಾಧವ್ ಅವರ 'ನ್ಯೂಡ್' ಮರಾಠಿ ಸಿನಿಮಾ ನೋಡೀರಿ ಇಲ್ಲೋ? ಮಗನ್ನ ಓದಸೂ ಸಲುವಾಗಿ ಒಬ್ಬ ಬಡ ತಾಯಿ ಮುಂಬೈದ ಜೆ.ಜೆ. ಚಿತ್ರಕಲಾ ಶಾಲಿಯಾಗ ಮಾಡೆಲ್ ಆಗ್ತಾಳ, ಮಗನಿಂದ ಮುಚ್ಚಿಡ್ತಾಳ. ಅದನ್ನ 2017ರಾಗ ಗೋವಾ ಚಿತ್ರೋತ್ಸವಕ್ಕ ಆರಿಸಿ ಮತ್ತ ತಗದುಹಾಕಿದ್ರು. ಹಂಗ ಅಳ್ಳಾಡದ ಕೂತಾಕಿಗೆ ಬೆನ್ನು ಹಿಡೀತದ, ಕಾಲು ಜೋಮು ಹಿಡೀತದ. ಅಕಿಗೆ ಬೇಕಾದ್ದು ಸರಿಯಾದ ಪಗಾರ, ನಡುನಡುವ ವಿಶ್ರಾಂತಿ, ಮರ್ಯಾದಿ. ನಮಗ ಆತ್ಮವಿಶ್ವಾಸ ಬರಲಿ ಅಂತ ಅಕಿ ಅಲ್ಲಿ ಕೂತಿಲ್ಲ. ಕೂಡೋ ಕಷ್ಟ ಬ್ಯಾರೆ, ನೋಡಿ ತಗಿಯೋ ಲಾಭ ಬ್ಯಾರೆ. ನಾ ನಿಮಗ ಹೇಳ್ಲಿಕ್ಕತ್ತದ್ದು ನೋಡೋದರ ಬಗ್ಗೆ ಅಷ್ಟ.

ಪ್ರೀತಿ ಅನ್ನೂ ದೊಡ್ಡ ಮಾತೂ ಬ್ಯಾಡ, ನನಗ ಪರಿಚಯ ಸಾಕು. ನನ್ನ ಹೊಟ್ಟಿ ಮ್ಯಾಲೆ ನನಗೇನು ಪ್ರೀತಿ ಉಕ್ಕಿ ಬರೂದಿಲ್ಲ. ಆದರ ಅದು ಹ್ಯಾಂಗದ ಅಂತ ನನಗ ಗೊತ್ತಿರಬೇಕೋ ಬ್ಯಾಡೋ? ನಮ್ಮ ಬಳಗದಾಗ ಒಬ್ಬ ಕಾಕುಗೆ ಸಕ್ಕರಿ ಕಾಯಿಲೆ. ಅಂಗಾಲಿನ್ಯಾಗ ಗಾಯ ಆಗಿದ್ದು ಅವರಿಗೆ ತಿಳೀಲೇ ಇಲ್ಲ, ಯಾಕಂದ್ರ ಸಕ್ಕರಿ ಇದ್ದವರಿಗೆ ಕಾಲಿನ ಸ್ಪರ್ಶ ಕಡಿಮಿ ಆಗಿರ್ತದ. ಮನಿಮಂದಿಯ ಎಲ್ಲಾರ ಕಾಲಿಗೆ ಎಣ್ಣಿ ತಿಕ್ಕಿದ ಕಾಕು ತಮ್ಮ ಅಂಗಾಲು ನೋಡ್ಕೊಂಡಿದ್ದಿಲ್ಲ. ಎರಡು ಬೆರಳು ತಗದ್ರು. ಎದಿ ವಿಷಯಾನೂ ಹಂಗ. ಮೊದಲ ಹ್ಯಾಂಗಿತ್ತು ಅನ್ನೂದು ಗೊತ್ತಿದ್ದಾಕಿಗೆ ಅಷ್ಟ ಈಗ ಬದಲಾಗ್ಯದ ಅಂತ ತಿಳೀತದ. ಚಿತ್ರ ಔಷಧ ಅಲ್ಲ, ಡಾಕ್ಟರ್ ಬದಲಿಗೂ ಅಲ್ಲ. ಆದರ ದಿನಾ ನಾಚಿಗಿಲ್ಲದ ನೋಡೋ ರೂಢಿ ಹಚ್ಚತದ.

"ಈ ವಯಸ್ಸಿಗೆ ಮೈ ನೋಡ್ಕೊಂಡು ಏನ್ ಮಾಡೋದದ" ಅಂತ ನಮ್ಮ ವೈನಿ ಕೇಳಿದ್ರು. ವೈನಿ, ಸೊಂಟ ಹಿಡೀತು ಮೊಣಕಾಲು ಹಿಡೀತು ಅಂತ ದಿನಾ ಅಂತೀರಲ್ಲ, ನೋಡೋ ವಯಸ್ಸು ಇದ ಅಲ್ಲೇನು?

ಬಟ್ಟಿ ಗಿಟ್ಟಿ ಬಿಚ್ಚೋದು ಏನೂ ಬ್ಯಾಡ. ಮಧ್ಯಾಹ್ನ ಮುಸುರಿ ಮುಗಿಸಿ ಕಾಲು ಚಾಚಿ ಕೂಡ್ತೀರಲ್ಲ, ಆವಾಗ ನಿಮ್ಮ ಪಾದದ ಚಿತ್ರ ತಗೀರಿ. ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು. ಮೊಮ್ಮಗನ ಕಂಪಾಸಿನ ಪೆನ್ಸಿಲ್ ನಡೀತದ. ಮೊದಲನೇದ್ದನ್ನ ಹಾಳಿ ನೋಡದನ ತಗೀರಿ, ಕಣ್ಣು ಪಾದದ ಅಂಚಿನ ಮ್ಯಾಲೆ ಇರಲಿ, ಇರಬಿ ಹರಿದಂಗ ಸಾವಕಾಶ. ಗಜ್ಜರಿ ಆದಂಗ ಆಗ್ತದ, ಆಗಲಿ. ಆಮ್ಯಾಲೆ ಎಡಗೈ, ಆಮ್ಯಾಲೆ ಮೊಣಕಾಲು. ಬಾಗಿಲು ಹಾಕ್ಕೊಂಡು ಮುಂದ ಏನು ತಗೀತೀರೋ ಅದು ನಿಮ್ಮ ವಿಚಾರ. ಯಾರಿಗೂ ತೋರಿಸಬೇಕಂತಿಲ್ಲ. ಸಂಕೋಚ ಆದ್ರ ಮೊದಲ ನಮ್ಮ ಮನಿಗೆ ಬಂದು ನನ್ನವು ನೋಡ್ರಿ. ಕಾಲಿಂದು ಹದಿನಾಲ್ಕು ಅವ, ಒಂದರಾಗ ಬೆರಳು ಆರು ಆಗ್ಯಾವ.